ಕಾನೂತೋನ ಅಗುಳಿ

ಬೆಳಿಗ್ಗೆಯಿಂದ ಬಡಗಣ ಗಾಳಿ ಎದ್ದಿತ್ತು. ಈ ಗಾಳಿ ಬೀಸುವ ದಿನ ಪಿರಾಯು ಊರಿನ ಜನ ದೊಡ್ಡ ಮಾತು ಎತ್ತುವುದಿಲ್ಲ, ಹೆಣ್ಣು ಕೇಳಲು ಹೋಗುವುದಿಲ್ಲ, ಬೇಲಿಯ ಜಗಳವನ್ನೂ ನಾಳೆಗೆ ಮುಂದೂಡುತ್ತಾರೆ. ಎವೆಲಿಯೋ ಮಾತ್ರ ಇಂಥ ದಿನವೇ ಇಬ್ಬರನ್ನು ಊಟಕ್ಕೆ ಕರೆದಿದ್ದ. ಜಗಲಿಯ ಮೇಜಿಗೆ ಹಳೆಯ ದುಪ್ಪಟಿ ಹಾಸಿ, ಅದರ ಮೇಲೆ ಮಾವನ ಮೌಸರ್ ಬಂದೂಕನ್ನು ಮಲಗಿಸಿ, ಅದರ ಅಗುಳಿಯನ್ನು ಎಳೆದು ನೋಡಿದ, ತಳ್ಳಿ ನೋಡಿದ. ಬಾಗಿಲ ಅಗುಳಿಯ ಹಾಗೆಯೇ ಹಿಂದೆ ಮುಂದೆ ಸರಿದು ಗುಂಡನ್ನು ನಳಿಗೆಗೆ ಕೂರಿಸುವ ಉಕ್ಕಿನ ತುಂಡು ಅದು. ಈಗ ಬೆಣ್ಣೆಯಲ್ಲಿ ಜಾರಿದಂತೆ ಜಾರಿತು. ನಳಿಗೆಯ ಬುಡದಲ್ಲಿ ಕೊರೆದ ಸಂಖ್ಯೆಯೂ ಅಗುಳಿಯ ಮೇಲಿನ ಸಂಖ್ಯೆಯೂ ಈಗ ಒಂದೇ. ಹಳೆಯ ಬಂದೂಕು ಕೂಡಿಡುವವರಿಗೆ ಇದಕ್ಕಿಂತ ದೊಡ್ಡ ಮಾತಿಲ್ಲ. ಎಲ್ಲ ಕಡೆ ಒಂದೇ ಸಂಖ್ಯೆಯಿದ್ದರೆ ಬಂದೂಕು ಕಾರ್ಖಾನೆಯಿಂದ ಬಂದಂತೆಯೇ ಉಳಿದಿದೆ ಎಂದರ್ಥ. ಒಂದು ಕಡೆ ಬೇರೆಯಾದರೂ ಅದು ಗುಜರಿ, ಗೋಡೆಗೆ ತೂಗುಹಾಕುವ ಸೌದೆ. ಎವೆಲಿಯೋ ಸಂಖ್ಯೆಯನ್ನು ಮತ್ತೊಮ್ಮೆ ಮನಸ್ಸಿನಲ್ಲೇ ಓದಿಕೊಂಡ. ಅಗುಳಿಯ ಮೇಲಿನ ಕೊನೆಯ ಅಂಕಿಯ ಅಂಚು ತುಸು ಹೆಚ್ಚೇ ಹರಿತವಾಗಿತ್ತು. ಸುತ್ತಲಿನ ಉಕ್ಕು ಹಳೆಯದು, ಆ ಅಂಕಿ ಮಾತ್ರ ನಿನ್ನೆ ಮೊನ್ನೆ ಹುಟ್ಟಿದಂತಿತ್ತು. ಅದರ ಕೆಳಗೆ, ಓರೆ ಬೆಳಕಿನಲ್ಲಿ ಹಿಡಿದರೆ, ಉಜ್ಜಿ ಅಳಿಸಿದ ಬೇರೊಂದು ಅಂಕಿಯ ನೆರಳು. ಅವನು ಓರೆ ಬೆಳಕಿನಲ್ಲಿ ಹಿಡಿಯಲಿಲ್ಲ. ಎಣ್ಣೆಬಟ್ಟೆಯನ್ನು ಅದರ ಮೇಲೆ ಎಳೆದ.

ಕರ್ನಲ್ ಸಾಯಾಸ್ ಕೊಟ್ಟ ಅಗುಳಿ ಅದು. ಈಗಷ್ಟೇ ಕಳೆದ ಚಳಿಗಾಲದಲ್ಲಿ ಸಂಗ್ರಾಹಕರು ಸೇರಿದ್ದಾಗ ಎವೆಲಿಯೋ ಈ ಬಂದೂಕನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೋಗಿದ್ದ. ಉಳಿದವರೆಲ್ಲ ಚರ್ಮದ ಚೀಲದಲ್ಲಿ ತಂದಿದ್ದರು. ಕರ್ನಲ್ಲರು ಅಗುಳಿಯನ್ನು ಹೊರಳಿಸಿ ನೋಡಿ, ಎಲ್ಲರಿಗೂ ಕೇಳುವಂತೆ, "ಮೇಷ್ಟ್ರೇ, ನಿಮ್ಮ ಬಂದೂಕು ಯಾರದೋ ಹೆಂಡತೀನ ಮನೆಗೆ ತಂದಿಟ್ಟುಕೊಂಡಿದೆಯಲ್ರೀ!" ಅಂದಿದ್ದರು. ನಗುವುದು ಯಾವಾಗ ಸಾಕು ಎಂದು ತಿಳಿಯದೆ ಎವೆಲಿಯೋ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಿದ್ದ. ಆದರೆ ಕರ್ನಲ್ಲರು ಆ ಅಗುಳಿಯನ್ನು ಕೂಡಲೇ ಕೆಳಗಿಡಲಿಲ್ಲ, ಅದರ ಸಂಖ್ಯೆಯ ಮೇಲೆ ಹೆಬ್ಬೆರಳಿಟ್ಟುಕೊಂಡೇ ಬೇರೆಯವರ ಜೊತೆ ಮಾತಾಡಿದರು. ವಾರ ಕಳೆಯುವುದರೊಳಗೆ ಶಾಲೆಗೆ ಫೋನು ಬಂತು. ಅವರ ಪೆಟ್ಟಿಗೆಯಲ್ಲಿ ಇವನ ಬಂದೂಕಿಗೆ ಹೊಂದುವ ಅಗುಳಿ ಸಿಕ್ಕಿದೆಯಂತೆ, ದುಡ್ಡು ಬೇಡ, ಆ ಹಳೆಯದನ್ನು ಕೊಟ್ಟರೆ ಸಾಕು. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ನಿಂತು ಫೋನಿನಲ್ಲಿ ಕರ್ನಲ್ಲರಿಗೆ ಮೂರು ಸಲ ಧನ್ಯವಾದ ಹೇಳಿದ್ದು, ಹೇಳುವಾಗ ಎದುರಿಗೆ ಯಾರೂ ಇಲ್ಲದಿದ್ದರೂ ತಲೆ ಬಾಗಿಸಿದ್ದು ಈಗಲೂ ನೆನಪಾಗಿ ಅವನ ಕಿವಿ ಬಿಸಿಯಾಯಿತು. ಮಾವ ಆಗ ಊರಲ್ಲಿರಲಿಲ್ಲ. ಕಣ್ಣಿನ ಪೊರೆ ತೆಗೆಸಲು ರಾಜಧಾನಿ ಅಸುನ್ಸಿಯೋನ್‌ನಲ್ಲಿ ಕಿರಿಯ ಮಗಳ ಮನೆಗೆ ಹೋಗಿದ್ದರು. ಬಂದೂಕು ಅವರ ಮಂಚದ ಮೇಲಿನ ಗೋಡೆಯಲ್ಲಿತ್ತು. ಮಾವನಿಗೆ ಇದೊಂದು ಉಡುಗೊರೆಯಾಗುತ್ತದೆ ಎಂದು ಎವೆಲಿಯೋ ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡ ಮೇಲೆ ಅದನ್ನು ನಂಬುವುದು ಕಷ್ಟವಾಗಲಿಲ್ಲ.

ಅಡುಗೆಮನೆಯಲ್ಲಿ ಹೆಂಡತಿ ಓಬ್ದುಲಿಯಾ ಜೋಳದ ಹಿಟ್ಟು, ಗಿಣ್ಣು, ಈರುಳ್ಳಿ ಕಲಸಿ ತಟ್ಟೆಗೆ ಸುರಿಯುತ್ತಿದ್ದಳು. ಬೆನ್ನು ತಿರುಗಿಸದೆಯೇ ಕೇಳಿದಳು.

"ಅಪ್ಪನಿಗೆ ಹೇಳಿದ್ಯಾ?"

"ಊಟದ ಹೊತ್ತಿಗೆ ತೋರಿಸ್ತೀನಿ. ಆಶ್ಚರ್ಯ ಆಗ್ಲಿ ಅಂತ."

"ಆ ವಯಸ್ಸಿನವರಿಗೆ ಆಶ್ಚರ್ಯಪಡಿಸೋದು ಡಾಕ್ಟ್ರು ಮಾತ್ರ. ಅದೂ ಕೆಟ್ಟದ್ದೇ."

"ಗಾಳಿ ನಿನ್ನ ತಲೆಗೆ ಹೊಕ್ಕಿದೆ, ಓಬ್ದುಲಿಯಾ."

"ನನ್ನ ತಲೇಗೆ ಗಾಳಿ ಹೊಕ್ಕಿದೆ. ನಿನ್ನ ತಲೇಲಿ ಕರ್ನಲ್ಲರು ಮಂಚ ಹಾಕ್ಕೊಂಡು ಮಲಗಿದ್ದಾರೆ. ಬಂದೂಕು ಒರೆಸು, ಹೊಳಪು ಕೊಡು, ಏನಾದ್ರೂ ಮಾಡ್ಕೊ, ಅಗುಳಿ ಮಾತ್ರ ಮುಟ್ಟಬೇಡ ಅಂತ ಮದುವೆಯಾದ ವರ್ಷವೇ ಹೇಳಿದ್ದೆ."

"ಯಾಕೆ ಅಂತ ಹೇಳಿದ್ಯಾ?"

"ನಂಗೆ ಗೊತ್ತಿದ್ರೆ ತಾನೇ? ಮುಟ್ಟಬೇಡ ಅಂದ್ರೆ ಮುಟ್ಟಬಾರದು, ಅಷ್ಟೇ."

ಅವಳು ಹೇಳಿದ್ದು ನಿಜ. ಮಾವ ದಿನಾ ಮುಸ್ಸಂಜೆ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಅಗುಳಿಯನ್ನು ಒಮ್ಮೆ ತೆರೆದು ಒಮ್ಮೆ ಮುಚ್ಚಿ, ಗಂಟಲಲ್ಲೇ ಏನೋ ಅಂದು, ಮತ್ತೆ ಗೋಡೆಗೆ ಹಾಕುತ್ತಿದ್ದರು. ಪಕ್ಕದ ಕೋಣೆಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದ ಎವೆಲಿಯೋಗೆ ಆ ಶಬ್ದ ಸಂಜೆಯ ಭಾಗವೇ ಆಗಿಹೋಗಿತ್ತು, ಕಪ್ಪೆಯ ಸದ್ದಿನಂತೆ. ಅವರು ಗಂಟಲಲ್ಲಿ ಏನು ಅನ್ನುತ್ತಾರೆಂದು ಅವನು ಯಾವತ್ತೂ ಕೇಳಲಿಲ್ಲ. ಕೇಳುವ ಹಕ್ಕು ತನಗಿಲ್ಲ ಎಂಬ ಭಾವ ಒಂದಿತ್ತು. ಆ ಮನೆಯಲ್ಲಿ ಯುದ್ಧದ ಮಾತು ಬಂದಾಗಲೆಲ್ಲ ಅವನು ನೀರು ತರಲೋ ಬಾಗಿಲು ಹಾಕಲೋ ಎದ್ದು ಹೋಗುತ್ತಿದ್ದ. ಅವನ ಅಪ್ಪ ಹೊಳೆ ದಾಟಿದವನು. ಬೊಲಿವಿಯಾದ ಜೊತೆಗಿನ ಯುದ್ಧಕ್ಕೆಂದು ಚಾಕೋಗೆ ಹುಡುಗರನ್ನು ಲಾರಿ ತುಂಬಿ ಒಯ್ಯುತ್ತಿದ್ದಾಗ ಅಪ್ಪ ಒಂದು ದೋಣಿ ಹಿಡಿದು ಆಚೆ ದಡದ ಅರ್ಜೆಂಟೀನಾಕ್ಕೆ ಹೋಗಿ, ಯುದ್ಧ ಮುಗಿಯುವವರೆಗೆ ಅಲ್ಲಿ ಕ್ಷೌರ ಮಾಡಿಕೊಂಡಿದ್ದು, ಆಮೇಲೆ ಒಳ್ಳೆಯ ಬೂಟು ಹಾಕಿಕೊಂಡು ವಾಪಸ್ಸು ಬಂದ. ಆ ಬೂಟನ್ನು ಊರು ಮರೆಯಲಿಲ್ಲ. ಶಾಲೆಯಲ್ಲಿ ಹುಡುಗರು ಯುದ್ಧದಾಟ ಆಡುವಾಗ ಎವೆಲಿಯೋನನ್ನು ಬೊಲಿವಿಯಾದವನನ್ನಾಗಿಯೂ ಸೇರಿಸಿಕೊಳ್ಳುತ್ತಿರಲಿಲ್ಲ. "ನೀನು ಹೊಳೆ ಆಚೆ ನಿಂತ್ಕೊ, ಕೂದಲು ಕತ್ತರಿಸು," ಅನ್ನುತ್ತಿದ್ದರು. ಅವನು ನಿಜವಾಗಿಯೂ ಹೋಗಿ ಚರಂಡಿಯ ಆಚೆ ನಿಂತುಕೊಳ್ಳುತ್ತಿದ್ದ, ಆಟ ಮುಗಿಯುವ ತನಕ. ಭೂಗೋಳದ ಮೇಷ್ಟ್ರಾದ ಮೇಲೆ ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಚಾಕೋದ ನಕ್ಷೆ ಬರೆಯುತ್ತಾನೆ, ನೀರಿಲ್ಲದ ಆ ಮುಳ್ಳುಕಾಡಿನ ಒಂದೊಂದು ಕಾವಲುಠಾಣೆಯನ್ನೂ ನೋಡದೆ ಗುರುತಿಸುತ್ತಾನೆ. ಅಲ್ಲಿಗೆ ಒಮ್ಮೆಯೂ ಹೋಗಿಲ್ಲ. ಮೊದಲ ಬಂದೂಕು ಕೊಂಡದ್ದು ಅಪ್ಪ ಸತ್ತ ವರ್ಷ. ಈಗ ಮನೆಯಲ್ಲಿ ಒಂಬತ್ತಿವೆ. ಎಲ್ಲವೂ ಬೇರೆಯವರ ಅಪ್ಪಂದಿರು ಹೊತ್ತವು.

ಮಾವ ಪಂತಾಲಿಯೋನ್ ನಿನ್ನೆಯಷ್ಟೇ ಬಂದಿಳಿದಿದ್ದರು. ಬಂದವರೇ ಹೊಸ ಕಣ್ಣಿನಿಂದ ಮನೆಯನ್ನೆಲ್ಲ ತಪಾಸಣೆ ಮಾಡಿದರು. "ಈ ಗೋಡೆ ಇಷ್ಟು ಕೊಳಕಾಗಿತ್ತೇನೇ? ಅಯ್ಯೋ, ನೀನೂ ಮುದುಕಿ ಆಗ್ಬಿಟ್ಟಿದ್ದೀಯಲ್ಲೇ ಮಗಳೇ! ಪೊರೆ ಇದ್ದಾಗ ಎಷ್ಟು ಚೆನ್ನಾಗಿದ್ದೆ!" ಎಂದು ಮಗಳನ್ನು ಅಳಿಸಿ ನಗಿಸಿದರು. ಪ್ರಯಾಣದ ಆಯಾಸಕ್ಕೆ ಬಂದೂಕು ಕೇಳದೆ ಮಲಗಿದರು. ಗೋಡೆಯ ಖಾಲಿ ಮೊಳೆಗಳನ್ನು ಅವರು ನೋಡಿರಬಹುದೇ ಎಂದು ಎವೆಲಿಯೋ ರಾತ್ರಿಯೆಲ್ಲ ಯೋಚಿಸಿದ. ನೋಡಿದ್ದರೆ ಕೇಳಬೇಕಿತ್ತು. ಕೇಳಲಿಲ್ಲ ಎಂದರೆ ಅವರಿಗೆ ಅಷ್ಟೇನೂ ಮುಖ್ಯವಲ್ಲ. ಮುಖ್ಯವಲ್ಲದಿದ್ದರೆ ತಾನು ಮಾಡಿದ್ದರಲ್ಲಿ ತಪ್ಪಿಲ್ಲ. ಹೀಗೆ ಒಂದರ ಮೇಲೊಂದು ಇಟ್ಟುಕೊಂಡು ಹೋದರೆ ಎಲ್ಲಿಗೆ ಬೇಕಾದರೂ ತಲುಪಬಹುದು.

ಕರ್ನಲ್ಲರು ದಂತವೈದ್ಯ ಕಸಾಲ್‌ನ ಕಾರಿನಲ್ಲಿ ಬಂದರು. ಜಗಲಿಯ ನೆರಳಲ್ಲಿ ಕುಳಿತವರ ನಡುವೆ, ಕೊಂಬಿನ ಬಟ್ಟಲಲ್ಲಿ ಸೊಪ್ಪಿನ ತಣ್ಣನೆಯ ಪಾನೀಯ ತೆರೆರೆ ಒಬ್ಬರ ಕೈಯಿಂದ ಒಬ್ಬರಿಗೆ ದಾಟುತ್ತಿತ್ತು. ನೀರು ಹೊಯ್ದು ಬಟ್ಟಲು ಕೊಡುವ ಕೆಲಸ ಎಲ್ಲೆಡೆ ಕಿರಿಯರದು. ಇಲ್ಲಿ ಕಸಾಲ್ ಎವೆಲಿಯೋಗಿಂತ ಹತ್ತು ವರ್ಷ ಚಿಕ್ಕವನಾದರೂ, ತನ್ನ ಸ್ವಂತ ಮನೆಯಲ್ಲೇ ಎವೆಲಿಯೋ ಹೊಯ್ದು ಕೊಡುತ್ತಿದ್ದ. ಕರ್ನಲ್ಲರು ಬಂದೂಕನ್ನು ತಿರುವಿ ನೋಡಿದರು. ಸಂಖ್ಯೆಗಳ ಮೇಲೆ ಅವರ ಕಣ್ಣು ನಿಲ್ಲಲಿಲ್ಲ, ಬೇಗ ಬೇಗ ದಾಟಿಹೋಯಿತು.

"ಪೂರ್ತಿಯಾಯ್ತು ಮೇಷ್ಟ್ರೇ. ಇನ್ನು ಇದು ಮನೆತನಸ್ಥ ಬಂದೂಕು."

"ಎಲ್ಲ ನಿಮ್ಮ ದಯೆ, ಕರ್ನಲ್ಲರೇ."

"ದಯೆ ನಿಮ್ಮದು. ನಂದೂ ಪೂರ್ತಿಯಾಯ್ತಲ್ಲ." ಅವರು ಕಸಾಲ್‌ನ ಕಡೆ ತಿರುಗಿದರು. "ನಿಮಗೆ ಹೇಳಿಲ್ಲ ಅಲ್ವೇ ಡಾಕ್ಟ್ರೇ? ನನ್ನ ಹತ್ರ ಒಂದಿತ್ತು, ಅಗುಳಿ ಇಲ್ಲದ್ದು. ಯುದ್ಧ ಮುಗಿದ ಮೇಲೆ ಚಾಕೋದಲ್ಲಿ ಮೂಳೆ ಆರಿಸೋಕೆ ಹೋದ ತಂಡ ತಂದದ್ದು. ಒಂದು ಕೆಬ್ರಾಚೋ ಮರಕ್ಕೆ ಒರಗಿ ಕೂತ ಹಾಗೇ ಇದ್ದನಂತೆ ಪುಣ್ಯಾತ್ಮ, ಎಲುಬಿನ ಗೂಡು. ಬಂದೂಕು ತೊಡೆ ಮೇಲೆ. ಮುಷ್ಟೀಲಿ ಒಂದು ಗುಂಡು. ಎಷ್ಟು ವರ್ಷ ಹುಡುಕಿದೆ ಅದರ ಅಗುಳಿಗೆ! ನೋಡಿದ್ರೆ ಮೇಷ್ಟ್ರ ಬಂದೂಕಲ್ಲಿ ಕೂತಿದೆ."

"ಗುಂಡು ಇತ್ತು, ಅಗುಳಿ ಇರಲಿಲ್ವಾ?" ಕಸಾಲ್ ನಕ್ಕ. "ಹಲ್ಲಿಲ್ಲದವನಿಗೆ ಕಬ್ಬು ಕೊಟ್ಟ ಹಾಗಾಯ್ತು."

ಎವೆಲಿಯೋನೂ ನಕ್ಕ. ಅಷ್ಟರಲ್ಲಿ ಮಾವ ಕೋಣೆಯಿಂದ ಹೊರಗೆ ಬಂದರು. ಮಗಳು ಇಸ್ತ್ರಿ ಮಾಡಿಕೊಟ್ಟ ಬಿಳಿ ಅಂಗಿ, ತಲೆಗೆ ನೀರು ಹಚ್ಚಿ ಬಾಚಿದ್ದರು. ಕರ್ನಲ್ಲರು ಎದ್ದು ನಿಂತು ಸಲಾಮು ಹೊಡೆದರು, ಚಾಕೋದಲ್ಲಿ ಹೋರಾಡಿದವರ ಎದುರು ಎಂಥ ಅಧಿಕಾರಿಯೂ ಎದ್ದು ನಿಲ್ಲಬೇಕು. ಆ ಕ್ಷಣಕ್ಕಾಗಿಯೇ ತಾನು ಇಷ್ಟೆಲ್ಲ ಮಾಡಿದ್ದು ಎಂದು ಎವೆಲಿಯೋಗೆ ಅನ್ನಿಸಿತು: ತನ್ನ ಜಗಲಿ, ತನ್ನ ಮಾವ, ಎದ್ದು ನಿಂತ ಕರ್ನಲ್ಲರು. ಅವನು ಮಾವನನ್ನು ಕುರ್ಚಿಯಲ್ಲಿ ಕೂರಿಸಿ, ಬಂದೂಕನ್ನು ಎರಡೂ ಕೈಯಲ್ಲಿ ಎತ್ತಿ ಅವರ ತೊಡೆಯ ಮೇಲಿಟ್ಟ.

ಮುದುಕರು ಬಂದೂಕಿನ ಮರದ ಹಿಡಿಯನ್ನು ಸವರಿದರು. "ಹೊಳೀತಿದೆ," ಅಂದರು. ಅಗುಳಿಯನ್ನು ಹಿಡಿದು ಎಳೆದರು. ಕೈ ನಿಂತಿತು. ಮತ್ತೆ ತಳ್ಳಿದರು, ಮತ್ತೆ ಎಳೆದರು. ಒಳಗಿನಿಂದ ಓಬ್ದುಲಿಯಾ ತಟ್ಟೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

"ಇದು ಅದಲ್ಲ."

"ಅದೇ ಮಾವ. ಎಣ್ಣೆ ಹಾಕಿ ಉಜ್ಜಿದ್ದೀನಿ."

"ಅದಲ್ಲ ಅಳಿಯ. ಅದು ಅರ್ಧಕ್ಕೆ ಬಂದು ಒಂಚೂರು ತಡೀತಿತ್ತು. ಕಾನೂತೋದು ತಡೀತಿತ್ತು. ಕಾನೂತೋದು ಎಲ್ಲಿ?"

ಕಾನೂತೋ. ಗಂಟಲಲ್ಲಿ ದಿನಾ ಸಂಜೆ ಅಂದದ್ದು ಇದೇ. ಇಷ್ಟು ವರ್ಷ ಎವೆಲಿಯೋ ಅದನ್ನು ಕೆಮ್ಮು ಅಂದುಕೊಂಡಿದ್ದ, ಯಾವುದೋ ಸಂತನ ಹೆಸರು ಅಂದುಕೊಂಡಿದ್ದ.

"ಯಾರು ಕಾನೂತೋ, ದೊನ್ ಪಂತಾ?" ಕಸಾಲ್ ವಿನಯದಿಂದ ಕೇಳಿದ, ಮಕ್ಕಳನ್ನು ಕೇಳುವಂತೆ.

ಮುದುಕರು ಅವನನ್ನು ನೋಡಲಿಲ್ಲ. ಅಗುಳಿಯನ್ನೇ ನೋಡುತ್ತ ಹೇಳಿದರು, ಅಂಗಡಿಯಲ್ಲಿ ಏನೋ ಕಳೆದುಹೋದದ್ದನ್ನು ವಿವರಿಸುವ ದನಿಯಲ್ಲಿ. "ನನ್ನ ಅಗುಳಿ ಮಣ್ಣು ಕಚ್ಚಿಕೊಂಡು ತೆರೀತಿರಲಿಲ್ಲ. ಸಿಟ್ಟು ಬಂದು ಕಿತ್ತು ಬಿಸಾಕಿದ್ದೆ. ಬಾಯಾರಿದ ತಲೆ, ಗೊತ್ತಾಗಲಿಲ್ಲ. ಆಮೇಲೆ ಅವನದ್ದು ತಗೊಂಡೆ. ಅವನು ನಡೆಯೋ ಸ್ಥಿತೀಲಿರಲಿಲ್ಲ, ಕೆಬ್ರಾಚೋ ಬುಡದಲ್ಲಿ ಕೂರಿಸಿದ್ದೆ. ಜೀವ ಇತ್ತು ಇನ್ನೂ. ಬಿಟ್ಟು ಹೋಗೋದಾದ್ರೆ ಒಂದು ಗುಂಡಾದ್ರೂ ಬಿಟ್ಟು ಹೋಗು ಪಂತಾ, ಅಂದ. ಗುಂಡು ಬಿಟ್ಟೆ. ಅಗುಳಿ ತಗೊಂಡೆ. ಅವನು ನೋಡ್ತಾನೇ ಇದ್ದ."

ಗಾಳಿ ಮಾವಿನ ಮರವನ್ನು ಅಲುಗಿಸಿತು. ಕಸಾಲ್ ಬಟ್ಟಲೊಳಗೆ ನೋಡಿಕೊಂಡ. ಕರ್ನಲ್ಲರು ಮಾತ್ರ ಎವೆಲಿಯೋನನ್ನು ನೋಡುತ್ತಿದ್ದರು, ಮುಖದ ಒಂದು ಗೆರೆಯೂ ಕದಲದೆ. ಅವರಿಗೆ ಗೊತ್ತಾಗಿದೆ, ಎವೆಲಿಯೋಗೆ ಗೊತ್ತಾಗಿದೆ ಎಂಬುದೂ ಗೊತ್ತಾಗಿದೆ. ಕರ್ನಲ್ಲರ ಗಾಜಿನ ಕಪಾಟಿನಲ್ಲಿ ಈಗ ಪೂರ್ತಿಯಾಗಿ ನಿಂತಿರುವ ಬಂದೂಕು ಕಾನೂತೋನದು. ಅದರ ಅಗುಳಿಯನ್ನು ಬಟ್ಟೆಯಲ್ಲಿ ಸುತ್ತಿ ಒಯ್ದು ಕೊಟ್ಟವನು ತಾನು. ಒಂದು ಮಾತು ಸಾಕಿತ್ತು: ಮಾವ, ತಪ್ಪಾಯ್ತು, ಬದಲಾಯಿಸಿಬಿಟ್ಟೆ, ನಿಮ್ಮದು ಇವರ ಹತ್ತಿರ ಇದೆ. ಹೇಳಿದರೆ ಕರ್ನಲ್ಲರು ಕೊಟ್ಟ ಈ ಅಗುಳಿಯ ಮೇಲಿರುವುದು ತಿದ್ದಿದ ಅಂಕಿ ಎಂಬುದೂ ಹೊರಬೀಳುತ್ತದೆ. ಕರ್ನಲ್ಲರು ಎದ್ದು ಹೋಗುತ್ತಾರೆ. ಕಾರು ಸದ್ದು ಮಾಡುತ್ತ ಹೊರಡುತ್ತದೆ, ಆಮೇಲೆ ಎಲ್ಲಾದರೂ ಯಾರಾದರೂ ಅವನ ಹೆಸರೆತ್ತಿದರೆ, ಯಾರು, ಆ ಕ್ಷೌರಿಕನ ಮಗನಾ, ಅನ್ನುತ್ತಾರೆ. ಇಷ್ಟನ್ನು ಯೋಚಿಸಲು ಅವನಿಗೆ ಸಮಯವೇ ಬೇಕಾಗಲಿಲ್ಲ, ಹುಟ್ಟಿದಾಗಿನಿಂದ ಅದನ್ನೇ ಯೋಚಿಸುತ್ತಿದ್ದವನಂತೆ. ಬಾಯಿ ತಾನಾಗಿ ತೆರೆಯಿತು.

"ಮಾವ, ಮೂರು ತಿಂಗಳು ಮುಟ್ಟಿರಲಿಲ್ಲ ನೀವು. ಕೈ ಮರೆತಿದೆ. ಅಗುಳಿ ಅದೇ."

"ಕೈ ಮರೆಯುತ್ತಾ?"

"ನೋಡಿ ಇಲ್ಲಿ, ದೊನ್ ಪಂತಾ," ಕರ್ನಲ್ಲರು ಮೊಣಕಾಲೂರಿ ಮುದುಕರ ಪಕ್ಕ ಕೂತರು. ದನಿ ಮೃದುವಾಗಿತ್ತು. "ಇದು ಬಂದೂಕಿನ ಸಂಖ್ಯೆ. ಇದು ಅಗುಳೀದು. ಓದಿ. ಒಂದೇ ಅಲ್ವಾ? ಇವೆರಡೂ ಕಾರ್ಖಾನೆಯಿಂದ ಒಟ್ಟಿಗೆ ಬಂದಿವೆ, ಒಟ್ಟಿಗೇ ಇವೆ. ನೀವು ಯಾರದ್ದೂ ತಗೊಂಡಿಲ್ಲ. ತಗೊಂಡಿದ್ರೆ ಸಂಖ್ಯೆ ಬೇರೆ ಇರ್ತಿತ್ತು. ಮನುಷ್ಯನಿಗೆ ನೆನಪು ಅದಲು ಬದಲಾಗುತ್ತೆ, ಉಕ್ಕಿಗೆ ಆಗಲ್ಲ."

ಮುದುಕರು ಹೊಸ ಕಣ್ಣನ್ನು ಉಕ್ಕಿನ ಹತ್ತಿರ ತಂದು, ಒಂದೊಂದೇ ಅಂಕಿಯ ಕೆಳಗೆ ಉಗುರಿಟ್ಟು ಓದಿದರು. ತುಟಿ ಅಲುಗುತ್ತಿತ್ತು. ಕೊನೆಯ ಅಂಕಿಯ ಮೇಲೆ ಉಗುರು ಬಹಳ ಹೊತ್ತು ನಿಂತಿತು. ಆಮೇಲೆ ಅವರು ತಲೆಯೆತ್ತಿ ಅಳಿಯನನ್ನು ನೋಡಿದರು.

"ನೀನು ಹೇಳು. ನೀನು ಓದಿದವನು. ನಾನು ತಗೊಳ್ಳಲಿಲ್ವಾ?"

"ಇಲ್ಲ ಮಾವ," ಎವೆಲಿಯೋ ಅಂದ. "ನೀವು ತಗೊಳ್ಳಲಿಲ್ಲ."

ಓಬ್ದುಲಿಯಾ ತಟ್ಟೆಯನ್ನು ಮೇಜಿನ ಮೇಲಿಟ್ಟು, ಯಾರಿಗೂ ಬಡಿಸದೆ ಒಳಗೆ ಹೋದಳು. ಊಟ ಆಯಿತು. ಕರ್ನಲ್ಲರು ಎರಡು ಸಲ ಬಡಿಸಿಕೊಂಡರು. ಹೊರಡುವಾಗ ಎವೆಲಿಯೋನ ಹೆಗಲ ಮೇಲೆ ಕೈಯಿಟ್ಟು, "ಬರೋ ಶನಿವಾರ ನಮ್ಮನೇಲಿ ಸೇರ್ತೀವಿ. ಬಸ್ಸಲ್ಲಿ ಬರಬೇಡಿ ಮೇಷ್ಟ್ರೇ, ಡಾಕ್ಟ್ರು ಕರ್ಕೊಂಡು ಬರ್ತಾರೆ," ಅಂದರು. ಇಪ್ಪತ್ತು ವರ್ಷ ಕಾದಿದ್ದ ಆ ಆಹ್ವಾನ ಬಂದಾಗ ಅವನು ತಲೆಯಾಡಿಸಿ ಕಾರಿನ ಬಾಗಿಲು ಹಾಕಿಕೊಟ್ಟ. ಅಡುಗೆಮನೆಯಲ್ಲಿ ಓಬ್ದುಲಿಯಾ ಪಾತ್ರೆ ಉಜ್ಜುತ್ತಿದ್ದಳು.

"ಅಪ್ಪನಿಗೆ ಅರಳುಮರಳು ಅಂತ ಇವತ್ತಿಂದ ಊರೆಲ್ಲ ಅನ್ನುತ್ತೆ," ಅಂದಳು.

"ಅವರ ಮನಸ್ಸು ಹಗುರ ಆಯ್ತಲ್ಲ. ಅದನ್ನ ನೋಡು."

"ನೋಡ್ದೆ. ನಿನ್ನ ಮುಖಾನೂ ನೋಡ್ದೆ. ನಿಮ್ಮಪ್ಪ ಹೊಳೆ ದಾಟುವಾಗ ಹೀಗೇ ಕಂಡಿರ್ತಾನೆ."

ಮರುದಿನ, ಭಾನುವಾರ, ಮುದುಕರು ಬಿಸಿಲೇರುವ ತನಕ ಮಲಗಿದ್ದರು. ಸತ್ತೇಹೋದರೆಂದು ಹೆದರಿ ಮಗಳು ಎರಡು ಸಲ ಹೋಗಿ ಮೂಗಿನ ಹತ್ತಿರ ಕೈಯಿಟ್ಟು ಬಂದಳು. ಎದ್ದವರು ಕೇಳಿ ಕೇಳಿ ತಿಂದರು, ಬೇಲಿಯಾಚೆಯ ವಿಧವೆಯನ್ನು ಮಾತಾಡಿಸಿದರು, ಹಳೆಯ ಪೋಲ್ಕಾ ಹಾಡೊಂದನ್ನು ತಪ್ಪು ತಪ್ಪಾಗಿ ಗುನುಗಿದರು. ಬಂದೂಕು ಮತ್ತೆ ಗೋಡೆ ಸೇರಿತ್ತು. ಮುಸ್ಸಂಜೆ ಅದನ್ನು ಇಳಿಸಲಿಲ್ಲ. ಪಕ್ಕದ ಕೋಣೆಯಲ್ಲಿ ಎವೆಲಿಯೋ ಪೆನ್ನು ಹಿಡಿದು ಆ ಶಬ್ದಕ್ಕಾಗಿ ಕಾದ. ತೆರೆಯುವ ಶಬ್ದವಿಲ್ಲ, ಮುಚ್ಚುವ ಶಬ್ದವಿಲ್ಲ. ಹುಡುಗನೊಬ್ಬ ಬರೆದ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಓದಿದ. ಕತ್ತಲಾಯಿತು. ಮುಷ್ಟಿಯೊಳಗೆ ಗುಂಡು ಹಿಡಿದು ಒಬ್ಬ ಕೂತಿದ್ದಾನೆ, ಅವನ ತೊಡೆಯ ಮೇಲಿನ ಬಂದೂಕಿನಲ್ಲಿ ಬರೀ ಒಂದು ತೂತು. ಎಷ್ಟು ಹೊತ್ತು ಕೂತಿದ್ದನೋ. ಗುಂಡನ್ನು ಬೆರಳಿನಿಂದ ಒಳಗೆ ತಳ್ಳಿ ನೋಡಿರಬೇಕು. ನಕ್ಷೆಯಲ್ಲಿ ಆ ಜಾಗ ಎಲ್ಲಿ ಬರುತ್ತದೆಂದು ಎವೆಲಿಯೋ ಲೆಕ್ಕ ಹಾಕಲು ಹೋದ. ಅವನಿಗೆ ಗೊತ್ತಿದ್ದ ಹೆಸರುಗಳಲ್ಲಿ ಅದು ಇರಲಿಲ್ಲ.

ಸೋಮವಾರ ಸಂಜೆ, ವಾರವಾರವೂ ಸತ್ತವರಿಗೆ ಮೇಣದಬತ್ತಿ ಹಚ್ಚುವ ಹೊತ್ತು. ಆ ಬೀದಿಯಲ್ಲಿ ಹಚ್ಚದ ಮನೆಯಿಲ್ಲ. ಓಬ್ದುಲಿಯಾ ತಾಯಿಯ ಹೆಸರಲ್ಲಿ ಒಂದನ್ನು ಹಚ್ಚಿ, ಹಿತ್ತಲ ಕಟ್ಟೆಯ ಮೇಲೆ ಅಪ್ಪ ಹಚ್ಚುವುದನ್ನು ಕಡ್ಡಿಪೆಟ್ಟಿಗೆಯ ಜೊತೆ ಇಟ್ಟಳು, ಯಾವಾಗಲೂ ಇಡುವಂತೆ. ಯಾರಿಗೆಂದು ಅವಳು ಕೇಳಿದವಳಲ್ಲ. ಮುದುಕರು ಕುರ್ಚಿಯಲ್ಲಿ ಕೂತು ಸೊಪ್ಪಿನ ಬಿಸಿ ಕಷಾಯ ಹೀರುತ್ತಿದ್ದರು. ಮೇಣದಬತ್ತಿ ನೋಡಿ, "ಇವತ್ತಿಂದ ಬೇಡ ಮಗಳೇ," ಅಂದರು. "ನಾನು ತಗೊಳ್ಳದಿದ್ದ ಮೇಲೆ ಅವನು ಸತ್ತಿರಲಿಕ್ಕಿಲ್ಲ. ಎದ್ದು ಹೋಗಿರ್ತಾನೆ. ಎಲ್ಲೋ ಮದುವೆ ಆಗಿರ್ತಾನೆ. ಬದುಕಿರೋನಿಗೆ ಹಚ್ಚಬಾರದು."

ಓಬ್ದುಲಿಯಾ ಗಂಡನ ಕಡೆ ನೋಡಿದಳು. ನೋಡಿ, ಅಲ್ಲೇ ನಿಂತಳು. ಎವೆಲಿಯೋ ಹೊಸ್ತಿಲಿಂದ ಕೆಳಗಿಳಿದ. ಎರಡು ರಾತ್ರಿ ಅವನು ನಿದ್ದೆ ಮಾಡಿರಲಿಲ್ಲ.

"ಮಾವ. ಆ ಅಗುಳಿ—"

"ಕೂತ್ಕೊ ಅಳಿಯ."

"ಇಲ್ಲ, ನಾನು ಹೇಳಲೇಬೇಕು. ಅವತ್ತು ನಾನು—"

"ಹೇಳಿದ್ದೀಯ. ಎಲ್ಲರೆದುರು ಹೇಳಿದ್ದೀಯ, ಕರ್ನಲ್ಲರೂ ಹೇಳಿದ್ದಾರೆ." ಮುದುಕರ ದನಿಯಲ್ಲಿ ಕೋಪವಿರಲಿಲ್ಲ. ಬಟ್ಟಲನ್ನು ನೆಲದ ಮೇಲಿಟ್ಟು, ತಮ್ಮ ಹೆಬ್ಬೆರಳಿನ ಉಗುರನ್ನು ಇನ್ನೊಂದು ಕೈಯಿಂದ ಉಜ್ಜಿಕೊಂಡರು. "ನನ್ನ ಕಣ್ಣು ಈಗ ಚೆನ್ನಾಗಿದೆ. ಇರುವೆ ಕಾಲೂ ಕಾಣುತ್ತೆ. ನೀನು ಹೇಳೋದೇನೂ ಉಳಿದಿಲ್ಲ. ಅವನು ಇಷ್ಟು ವರ್ಷ ನನ್ನ ಮಂಚದ ತುದೀಲಿ ಕೂತಿದ್ದ. ಶನಿವಾರ ಎದ್ದು ಹೋದ. ನೀನು ಮತ್ತೆ ಕರ್ಕೊಂಡು ಬಂದು ಕೂರಿಸಬೇಡ."

ಎವೆಲಿಯೋ ಓಬ್ದುಲಿಯಾಳ ಮುಖದಲ್ಲಿ ಏನಾದರೂ ಸಿಗುತ್ತದೇನೋ ಎಂದು ಹುಡುಕಿದ. ಅವಳು ಕೈ ಒರೆಸಿಕೊಂಡು ಒಳಗೆ ಹೋದಳು. ಬೇಲಿಯಾಚೆ, ಅದರಾಚೆ, ಹಿತ್ತಲು ಹಿತ್ತಲಿಗೂ ಪುಟ್ಟ ಪುಟ್ಟ ದೀಪ. ಅವನು ಕಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಮೊದಲ ಕಡ್ಡಿ ಮುರಿಯಿತು. ಎರಡನೆಯದು ಹತ್ತಿತು, ಅಂಗೈ ಅಡ್ಡ ಹಿಡಿದು ಬತ್ತಿಗೆ ತಾಗಿಸಿದ. ಹೆಸರು ಹೇಳಿ ಪ್ರಾರ್ಥಿಸಬೇಕು, ಪೂರ್ತಿ ಹೆಸರು. ಇಲ್ಲದಿದ್ದರೆ ಅದು ಯಾರನ್ನೂ ತಲುಪುವುದಿಲ್ಲ ಎಂದು ಅವನ ತಾಯಿ ಹೇಳುತ್ತಿದ್ದಳು.

"ಮಾವ," ಎವೆಲಿಯೋ ತಿರುಗದೆಯೇ ಕೇಳಿದ, "ಕಾನೂತೋನ ಮನೆತನದ ಹೆಸರೇನು?"

ಅವನು ತಿರುಗಿ ನೋಡಿದ. ಮುದುಕರು ಪೊರೆಯಿಲ್ಲದ ಸ್ವಚ್ಛ ಕಣ್ಣುಗಳಿಂದ ಅವನನ್ನೇ ನೋಡುತ್ತಿದ್ದರು.

"ಯಾರದ್ದು?" ಅಂದರು.